ಟವೆಲ್ಲಿನ ಕೆಳಗಿನ ದರ

ಎಡಗೋಲನ್ನು ಮಾರಿದ್ದು ದೀಪಾವಳಿಯ ಹಿಂದಿನ ಸಂತೆಯಲ್ಲಿ. ತಮ್ಮನನ್ನು ಕೇಳಿದರೆ ದೀಪಾವಳಿ ಮುಗಿದ ಮೇಲೆ ಅನ್ನುತ್ತಾನೆ. ಅವನ ಹೆಂಡತಿಗೆ ಹಬ್ಬದ ಲೆಕ್ಕವೇ ಇಲ್ಲ. ಗಾಡಿ ಹತ್ತಿಸುವಾಗ ಎತ್ತು ಹಿಂಡಿಯ ಬುಟ್ಟಿಯನ್ನು ಒದ್ದು ಕೆಡವಿತು, ಅದನ್ನು ತಾನು ಬಳಿದು ತೆಗೆದೆ, ಅವಳ ನೆನಪು ಅಷ್ಟೇ. ಮೂವರೂ ಅದೇ ಅಂಗಳದಲ್ಲಿ ನಿಂತಿದ್ದೆವು. ನಾನು ಇಲ್ಲಿ ನನ್ನ ದಿನವನ್ನೇ ಇಟ್ಟುಕೊಳ್ಳುತ್ತೇನೆ. ಅದು ಸರಿ ಎಂದು ಯಾರಾದರೂ ಆಣೆ ಮಾಡಿಸಿದರೆ ಮಾಡಲಾರೆ.

ಎತ್ತು ಕಟ್ಟದ ಮನೆಯವರಿಗೆ ಒಂದು ಮಾತು ಹೇಳಬೇಕು. ನೊಗದ ಎಡಗಡೆಗೆ ಪಳಗಿದ್ದು ಎಡಗೋಲು, ಬಲಗಡೆಗೆ ಪಳಗಿದ್ದು ಬಲಗೋಲು. ಹೆಸರಿಟ್ಟು ಕರೆಯುವ ಮನೆಗಳೂ ಇವೆ, ನಮ್ಮಲ್ಲಿ ಅಷ್ಟೇ ಸಾಕಾಗಿತ್ತು. ಎಡಗೋಲನ್ನು ತಂದು ಬಲಕ್ಕೆ ಹೂಡಿದರೆ ಅದು ಸಾಲಿನ ಹೊರಗೆ ಜಗ್ಗುತ್ತದೆ, ತಿರುವಿನಲ್ಲಿ ನಿಂತುಬಿಡುತ್ತದೆ, ಬೆಳೆಯನ್ನು ತುಳಿಯುತ್ತದೆ. ಆದ್ದರಿಂದ ಒಂದು ಎತ್ತು ಕಳೆದುಕೊಂಡವನು ಸಂತೆಗೆ ಹೋಗಿ ಇನ್ನೊಂದು ಎತ್ತು ತರುತ್ತೇನೆ ಎಂದರೆ ಸಾಲದು. ಅದೇ ಕಡೆಯದು, ಅದೇ ಎತ್ತರದ್ದು, ಹೆಚ್ಚುಕಡಿಮೆ ಅದೇ ನಡಿಗೆಯದು ಬೇಕು.

ಹೊಲ ಶಿಗ್ಲಿಯಿಂದ ಆಚೆ ಇದೆ. ಉಳುವವನು ತಮ್ಮ. ನಾನು ಬೆಟಗೇರಿಯಲ್ಲಿ ಮಾಸ್ತರಿಕೆ ಮಾಡುತ್ತೇನೆ, ರಜೆಗೆ ಊರಿಗೆ ಹೋಗುತ್ತೇನೆ. ಆ ಜೋಡಿ ಕೊಂಡಾಗ ಅರ್ಧ ಹಣ ನಾನು ಹಾಕಿದ್ದೆ. ಹಾಗಾಗಿ ಎತ್ತುಗಳಲ್ಲಿ ಅರ್ಧ ನನ್ನದು, ಎತ್ತಿನ ಬಗೆಗಿನ ಮಾತಿನಲ್ಲೂ ಅರ್ಧ ನನ್ನದು ಎಂದು ನಾನು ತಿಳಿದಿದ್ದೆ. ತಮ್ಮ ತನ್ನ ಹೊಲದ ಕೆಲಸ ಮುಗಿಸಿ ಊರಿನ ಉಳಿದವರ ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಎಡೆ ಹೊಡೆಯಲು ಹೋಗುತ್ತಿದ್ದ. ಬಿತ್ತುವುದಕ್ಕೆ ಬೇಕಾದರೆ ಟ್ರ್ಯಾಕ್ಟರು ಬರುತ್ತದೆ. ಮೊಣಕಾಲೆತ್ತರದ ಬೆಳೆಯ ನಡುವೆ ಕುಂಟೆ ಎಳೆದು ಕಳೆ ತೆಗೆಯಲು ಎತ್ತೇ ಬೇಕು. ಅವನ ವರ್ಷ ನಿಂತಿದ್ದು ಅದರ ಮೇಲೆ. ಮಿರಗದ, ಅಂದರೆ ಮೃಗಶಿರ ನಕ್ಷತ್ರದ, ಮಳೆ ಬೀಳುವ ಹೊತ್ತಿಗೆ ಅವನ ಕೊಟ್ಟಿಗೆಯಲ್ಲಿ ಜೋಡಿ ಇರಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು.

ಇಷ್ಟು ಗೊತ್ತಿದ್ದೂ ನಾನು ಎಡಗೋಲನ್ನು ಮಾರಿಸಿದೆ.

ನನ್ನ ವಿಚಾರ ಹೀಗಿತ್ತು. ಎಡಗೋಲಿಗೆ ಹಲ್ಲು ಪೂರ್ತಿ ಬಂದಿದ್ದವು. ನಮ್ಮ ಕಡೆ ಬಾಯಿಗೂಡಿದೆ ಅನ್ನುತ್ತಾರೆ. ಅಲ್ಲಿಂದ ಮುಂದೆ ಎತ್ತಿನ ದರ ಕೆಳಮುಖ. ಹಿಂಗಾರಿ ಬಿತ್ತನೆ ಇನ್ನೂ ಪೂರ್ತಿ ಮುಗಿಯದ ಆ ದಿನಗಳಲ್ಲಿ ಅರ್ಜೆಂಟಿನ ಗಿರಾಕಿ ಇರುತ್ತಾನೆ, ಹೆಚ್ಚು ಕೊಡುತ್ತಾನೆ. ಬೇಸಿಗೆಯಲ್ಲಿ ಮೇವು ನೀರು ತೀರಿ ಜನ ತಾವಾಗಿಯೇ ಎತ್ತು ಹೊಡೆದುಕೊಂಡು ಸಂತೆಗೆ ಬರುತ್ತಾರೆ. ಆಗ ನಾಲ್ಕು ಹಲ್ಲಿನ ಹರೆಯದ ಎಡಗೋಲನ್ನು ಕಡಿಮೆ ದರಕ್ಕೆ ತರಬಹುದು. ಹಳೆಯದು ಹೋಗಿ ಹೊಸದು ಬರುತ್ತದೆ, ಮೇಲೆ ಹಣವೂ ಉಳಿಯುತ್ತದೆ. ಇದನ್ನು ನಾನು ತಮ್ಮನಿಗೆ ಕರಿಹಲಗೆಯ ಮುಂದೆ ನಿಂತವಳ ಹಾಗೆ ವಿವರಿಸಿದೆ.

"ಅಕ್ಕಾ, ಅದು ಸಾಲಿನ್ಯಾಗ ಹೆಜ್ಜಿ ತಪ್ಪಿದ್ದನ್ನ ನಾ ಒಂದಿನಾ ನೋಡಿಲ್ಲ," ಅಂದ ಅವನು.

"ಇನ್ನೆರಡು ವರ್ಷಕ್ಕ ತಪ್ಪತೈತಿ. ಆವಾಗ ಯಾರ್ ಕೇಳ್ತಾರ?"

"ಎರಡು ವರ್ಷಾ ಐತೆಲ್ಲ."

"ನೀ ಹಿಂಗ ಅಂತನ ಇರು."

ಅವನ ಹೆಂಡತಿ ರೊಟ್ಟಿ ಬಡಿಯುತ್ತ ಒಳಗಿನಿಂದ ಅಂದಳು, "ವೈನ್ಯಾರು ಹೇಳೂದು ಖರೆ ಇರಬಹುದು, ಆದ್ರ ನೀವಿಬ್ರೂ ಕೂಡಿ ಒಂದು ಎತ್ತು ಮಾರಿ ಒಂದು ಇಟ್ಕೊಂಡ್ರ ಅದು ಎತ್ತು ಅನಸ್ಕೊಳ್ಳೂದಿಲ್ಲ."

ಲಕ್ಷ್ಮೇಶ್ವರದ ದನದ ಸಂತೆಯಲ್ಲಿ ಮುಂಡರಗಿ ಕಡೆಯ ಒಬ್ಬ ಹಿರಿಯರು ಅದನ್ನು ಕೊಂಡರು. ತಲೆಗೆ ರುಮಾಲು, ಕಣ್ಣಿಗೆ ಆಪರೇಶನ್ ಆದವರ ಕಪ್ಪು ಕನ್ನಡಕ. ಅವರ ಎಡಗೋಲು ಕಾಲು ಮುರಿದುಕೊಂಡಿತ್ತಂತೆ. ಕನ್ನಡಕ ತೆಗೆದು ಬಾಯಿ ನೋಡಿದರು, ಸುಳಿ ನೋಡಿದರು, ನಾಲ್ಕು ಹೆಜ್ಜೆ ನಡೆಸಿದರು. ದರ ಎಪ್ಪತ್ತೆರಡು ಸಾವಿರ. ಅಂಥ ವಯಸ್ಸಿನ ಒಂಟಿ ಎತ್ತಿಗೆ ಅದು ಹೆಚ್ಚೇ. ಬೆಟಗೇರಿಗೆ ಮರಳುವ ಬಸ್ಸಿನಲ್ಲಿ ನಾನು ಗೆದ್ದವಳ ಹಾಗೆ ಕೂತಿದ್ದೆ. ಮಾಗಡಿ ಕೆರೆಯ ಹತ್ತಿರ ಹಕ್ಕಿಗಳ ಹಿಂಡು ಇಳಿಯುತ್ತಿತ್ತು ಎಂದು ನೆನಪಿದೆ. ಆದರೆ ಅವು ಆ ತಿಂಗಳಲ್ಲಿ ಅಷ್ಟು ಬಂದಿರುವುದಿಲ್ಲ. ಬೇರೆ ಯಾವುದೋ ವರ್ಷದ ಹಕ್ಕಿಗಳು ಬಂದು ಈ ಬಸ್ಸಿನ ಕಿಟಕಿಯಲ್ಲಿ ಕೂತಿವೆ.

ಬೇಸಿಗೆಗೆ ನಾನು ಹೇಳಿದ್ದೇ ಆಯಿತು. ಇದನ್ನು ಒತ್ತಿ ಬರೆಯುತ್ತೇನೆ, ಏಕೆಂದರೆ ಮನೆಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ದರ ಇಳಿಯಿತು. ಯುಗಾದಿಯ ಹೊತ್ತಿಗೆ ತಮ್ಮ ಫೋನ್ ಮಾಡಿದ. ಶಿರಹಟ್ಟಿ ಕಡೆಯ ಒಂದು ಹಳ್ಳಿಯಲ್ಲಿ ಆರು ಹಲ್ಲಿನ ಎಡಗೋಲು ಇದೆ, ನಡಿಗೆ ನಮ್ಮದಕ್ಕೆ ಹೊಂದುತ್ತದೆ, ಅರವತ್ತೈದಕ್ಕೆ ಬರಬಹುದು.

"ತಡಿ," ಅಂದೆ. "ಇನ್ನಾ ಇಳೀತೈತಿ."

"ಇಳೀತೈತಿ, ಆದ್ರ ಈ ಎತ್ತು ಇರೂದಿಲ್ಲ."

"ಇನ್ನೊಂದು ಇರತೈತಿ."

ಆ ಎತ್ತು ಮರುವಾರ ಹೋಯಿತು. ದರ ಮಾತ್ರ ಇನ್ನೂ ಇಳಿಯಿತು. ನನ್ನ ಲೆಕ್ಕ ಸರಿಯಿತ್ತು ಎಂಬುದೇ ಇವತ್ತಿಗೂ ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ. ಅದು ತಪ್ಪಾಗಿದ್ದರೆ ಒಂದು ಸಲ ಬೈಸಿಕೊಂಡು ಮುಗಿಸಬಹುದಿತ್ತು.

ಬಸವ ಜಯಂತಿಯ ಮುಂಚಿನ ಸಂತೆಗೆ ತಮ್ಮನ ಜೊತೆ ನಾನೂ ಹೊರಟೆ. ಶಾಲೆಗೆ ರಜೆ ಇತ್ತು. ಆ ದಿನದ ಬಗ್ಗೆ ಮೂರು ಸಲ ಬರೆದಿದ್ದೇನೆ. ಮೂರನ್ನೂ ಹರಿದಿದ್ದೇನೆ. ಮೊದಲನೆಯದರಲ್ಲಿ ನಾನು ಸುಮ್ಮನೆ ನಿಂತಿದ್ದೆ. ಎರಡನೆಯದರಲ್ಲಿ ದಲ್ಲಾಳಿ ನನ್ನನ್ನು ಕೆಣಕಿದ. ಮೂರನೆಯದರಲ್ಲಿ ಬಿಸಿಲು ಹೆಚ್ಚಾಗಿತ್ತು. ನಡೆದದ್ದನ್ನು ಸುಮ್ಮನೆ ಹೇಳುವುದೇ ಒಳ್ಳೆಯದು.

ದನದ ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ಲನ್ನು ಮುಂಗೈ ಮೇಲೆ ಹೊದಿಸುತ್ತಾನೆ. ಅದರ ಕೆಳಗೆ ಮಾರುವವನ ಕೈ ಹಿಡಿದು ಬೆರಳು ಒತ್ತಿ ಒಂದು ಅಂಕಿ ಕೇಳುತ್ತಾನೆ, ಆಮೇಲೆ ಕೊಳ್ಳುವವನ ಕೈ ಹಿಡಿದು ಇನ್ನೊಂದು. ಸುತ್ತ ಹತ್ತು ಜನ ನಿಂತಿರುತ್ತಾರೆ, ಯಾರಿಗೂ ಏನೂ ತಿಳಿಯುವುದಿಲ್ಲ. ಬಾಯಿ ಮಾತ್ರ ಮಳೆ, ಮೇವು, ಬೀಗರ ವಿಷಯ ಮಾತಾಡುತ್ತಿರುತ್ತದೆ. ನನ್ನ ಕೈಯನ್ನು ಟವೆಲ್ಲಿನ ಕೆಳಗೆ ಯಾವ ದಲ್ಲಾಳಿಯೂ ಹಿಡಿಯುವುದಿಲ್ಲ. ಅರ್ಧ ಎತ್ತಿನ ಒಡತಿಯಾಗಿ ನಾನು ಸಂತೆಗೆ ಹೋಗಬಹುದು, ಬಾಯಿ ಬಿಡಿಸಿ ಹಲ್ಲು ಎಣಿಸಬಹುದು, ಹಣ ಕೊಡಬಹುದು. ದರ ಮಾತ್ರ ನನ್ನ ತನಕ ಬರುವುದಿಲ್ಲ.

ಎತ್ತು ಚೆನ್ನಾಗಿತ್ತು. ನಾಲ್ಕು ಹಲ್ಲು, ಎಡಗೋಲು, ಬಿಳಿ ಮೈ, ಕಾಲಿನಲ್ಲಿ ಸ್ವಲ್ಪ ಬೂದು. ಮಾರುವವನು ಸವಣೂರು ಕಡೆಯ ನಡುವಯಸ್ಸಿನ ರೈತ. ಎತ್ತಿನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ.

"ಅಕ್ಕೋರ, ನೀವು ಅಲ್ಲೆ ನೆಳ್ಳಿಗೆ ಕುಂಡ್ರಿ," ಅಂದ ದಲ್ಲಾಳಿ. "ಚಾ ಹೇಳ್ತೇನಿ."

"ನಾ ಇಲ್ಲೇ ನಿಂದರ್ತೇನಿ."

"ನಿಂದರ್ರಿ. ಎತ್ತೂ ನಿಂತೈತಿ."

ತಮ್ಮ ಮತ್ತು ನಾನು ಮನೆಯಲ್ಲೇ ಒಂದು ಗುರುತು ಮಾಡಿಕೊಂಡಿದ್ದೆವು. ಅರವತ್ತರ ಒಳಗೆ ಬಂದರೆ ಅವನು ಟೋಪಿ ತೆಗೆದು ತಲೆ ಕೆರೆಯಬೇಕು. ದಲ್ಲಾಳಿ ಅವನ ಕೈ ಹಿಡಿದ, ಬಿಟ್ಟ, ಆ ರೈತನ ಕೈ ಹಿಡಿದ, ಮತ್ತೆ ಇವನದು. ಟವೆಲ್ಲಿನ ಕೆಳಗೆ ಏನೋ ಹರಿದಾಡಿದ ಹಾಗೆ ಬಟ್ಟೆ ಅಲುಗುತ್ತಿತ್ತು. ತಮ್ಮ ಟೋಪಿ ಮುಟ್ಟಲಿಲ್ಲ. ಅವನ ಮುಖ ಗೋಡೆಯಾಗಿತ್ತು. ಮನೆಯಲ್ಲಿ ಒಂದು ಮಾತು ಹೇಳಿದರೆ ಹತ್ತು ಭಾವ ತೋರಿಸುವ ಮುಖ ಅದು. ಕಾಲು ಗಂಟೆ ಹೀಗೇ ನಡೆಯಿತು. ಆಚೆ ಇಬ್ಬರು ಬೇರೆ ಗಿರಾಕಿಗಳು ಅದೇ ಎತ್ತನ್ನು ನೋಡುತ್ತ ನಿಂತರು. ನನ್ನ ಸಹನೆ ಮುಗಿಯಿತು.

"ಐವತ್ತೆಂಟಕ್ಕ ಕೊಡ್ರಿ," ಅಂದೆ, ತರಗತಿಯ ಕೊನೆಯ ಬೆಂಚಿಗೂ ಕೇಳುವ ಧ್ವನಿಯಲ್ಲಿ. "ಇಲ್ಲೇ ಎಣಿಸಿ ಕೊಡ್ತೇನಿ, ಮುಗಿಸಿಬಿಡೂಣು."

ಬೀಗರ ಮಾತು ನಿಂತಿತು. ಆ ರೈತ ಟವೆಲ್ಲಿನಿಂದ ಕೈ ಹೊರಗೆಳೆದುಕೊಂಡ. ಮುಖ ಕೆಂಪಾಯಿತು ಎಂದು ಬರೆಯಬಹುದು, ನಾನು ಮುಖ ನೋಡಿರಲಿಲ್ಲ. ಕೈ ನೋಡಿದೆ. ಆ ಕೈ ಎತ್ತಿನ ಹಗ್ಗ ಬಿಚ್ಚುತ್ತಿತ್ತು.

"ಯಾಕ್ರಿ, ಏನಾತು?" ಅಂದೆ.

"ಏನಾಗಿಲ್ರಿ ತಾಯಿ. ಎತ್ತು ಮಾರಾಕ ತಂದಿಲ್ಲ ನಾ."

"ಮತ್ತ ಸಂತಿಗೆ ಯಾಕ್ ತಂದ್ರಿ?"

"ನೀರು ಕುಡಿಸಾಕ," ಅಂದು ಅವನು ಎತ್ತು ಹಿಡಿದು ಹೊರಟೇಬಿಟ್ಟ.

ದಲ್ಲಾಳಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಅಕ್ಕೋರ, ಅರವತ್ತೆರಡಕ್ಕ ಬಂದು ನಿಂತಿತ್ತು. ಅಂವ ಹೂಂ ಅನ್ನಾಂವಿದ್ದ. ಅಂವಗ ಕೊಡೂ ಜರೂರ ಇತ್ತು, ಅದು ನನಗೊಬ್ಬಂಗ ಗೊತ್ತಿತ್ತು. ನೀವು ಇಡೀ ಸಂತಿಗೆ ಹೇಳಿದ್ರಿ, ನಿನ್ನ ಎತ್ತು ಐವತ್ತೆಂಟರದ್ದು ಅಂತ. ನಾಳೆ ಅವನ ಊರಾಗ ಏನಂತಾರ?"

"ನಂಗ ಹೆಂಗ ಗೊತ್ತಾಗಬೇಕು? ಹೇಳಿದ್ರ ತಾನ ಗೊತ್ತಾಗೂದು?"

"ನೆಳ್ಳಿಗೆ ಕುಂಡ್ರಿ ಅಂತ ಹೇಳಿದ್ದೆ."

ಟವೆಲ್ ಯಾಕೆ ಇದೆ ಎಂದು ಆಗ ತಿಳಿಯಿತು. ಇಳಿಸಿ ಕೊಡಬೇಕಾಗಿ ಬಂದವನ ಸಂಕಟಕ್ಕೆ ಅದು ಹೊದಿಕೆ. ತಿಳಿದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ನನ್ನನ್ನು ಹೊರಗೆ ನಿಲ್ಲಿಸಿ, ಒಳಗಿನ ಮರ್ಯಾದೆ ನನಗೆ ತಿಳಿಯಲಿಲ್ಲ ಎಂದು ದೂರಿದರೆ ಏನು ಹೇಳಬೇಕು?

ನಾನು ಅಂದದ್ದು ಐವತ್ತೆಂಟು. ತಮ್ಮ ಈಗ ಐವತ್ತೈದು ಅನ್ನುತ್ತಾನೆ. ಅಲ್ಲಿರದೇ ಇದ್ದ ಅವನ ಹೆಂಡತಿ ಬೀಗರಿಗೆ ಹೇಳುವಾಗ ಐವತ್ತು ಅಂದದ್ದನ್ನು ನಾನೇ ಕೇಳಿದ್ದೇನೆ. ಇನ್ನು ಕೆಲವು ವರ್ಷಕ್ಕೆ ನಾನು ಆ ಎತ್ತನ್ನು ಪುಕ್ಕಟೆ ಕೇಳಿದೆ ಎಂದಾಗುತ್ತದೆ.

ಮುಂದಿನ ಸಂತೆಯಲ್ಲಿ ನೋಡೋಣ ಅಂದುಕೊಂಡೆವು. ಮುಂದಿನ ಸಂತೆ ಆಗಲಿಲ್ಲ. ದನಗಳಿಗೆ ಗಂಟು ರೋಗ ಬಂದಿತ್ತು. ಮೈತುಂಬ ಗಂಟು ಎದ್ದು, ಜ್ವರ ಬಂದು, ಮೇವು ಬಿಡುವ ರೋಗ. ಲಕ್ಷ್ಮೇಶ್ವರದ ಸಂತೆ ಬಂದ್ ಆಯಿತು, ಗದಗಿನದು, ಮುಂಡರಗಿಯದು, ಎಲ್ಲವೂ. ಲಸಿಕೆ ಹಾಕುವವರು ಬಂದು ನಮ್ಮ ಬಲಗೋಲಿನ ಕಿವಿಗೆ ಹಳದಿ ಬಿಲ್ಲೆ ಹಾಕಿ ಹೋದರು. ದರ ಇಳಿಯುತ್ತಿದೆಯೋ ಏರುತ್ತಿದೆಯೋ ಎಂದು ಹೇಳಲು ಸಂತೆಯೇ ಇಲ್ಲ. ನಾನು ಅಷ್ಟು ತಿಂಗಳು ಹಿಂಬಾಲಿಸಿದ್ದ ದರ ಕಣ್ಣೆದುರೇ ಇಲ್ಲವಾಗಿತ್ತು.

ಬೆಟಗೇರಿಯ ನನ್ನ ಮನೆಯ ಹಿಂದೆ ಮಗ್ಗ ಬಡಿಯುವ ಸದ್ದು ಬೆಳಗಿನಿಂದ ಸಂಜೆಯವರೆಗೂ ಇರುತ್ತದೆ. ಆ ಸದ್ದಿನಲ್ಲಿ ಕೂತು ನಾನು ಫೋನಿನಲ್ಲಿ ಎತ್ತು ಹುಡುಕಿದೆ. ಎತ್ತಿನ ವ್ಯಾಪಾರದ ವಾಟ್ಸಾಪ್ ಗುಂಪುಗಳು ಇವೆ. ಹುಡುಗರು ಎತ್ತನ್ನು ತಿರುಗಿಸಿ ತಿರುಗಿಸಿ ವಿಡಿಯೋ ಹಾಕುತ್ತಾರೆ, ಹಿನ್ನೆಲೆಗೆ ಹಾಡು. ದರ ಎಷ್ಟು ಎಂದು ಬರೆದರೆ ಉತ್ತರ ಒಂದೇ: ಫೋನ್ ಮಾಡ್ರಿ. ಫೋನ್ ಮಾಡಿದರೆ, ಬಂದು ನೋಡ್ರಿ. ಅಲ್ಲಿಯೂ ಟವೆಲ್ ಹಾಕಿಟ್ಟಿದ್ದರು.

ರೋಹಿಣಿ ಮಳೆ ಎರಡು ಸಲ ಆಯಿತು. ಕಾರ ಹುಣ್ಣಿಮೆಗೆ ಒಂದೇ ಎತ್ತಿಗೆ ಕೊಂಬು ಬಣ್ಣ ಹಚ್ಚಿದರು. ಮಿರಗದ ಮಳೆ ಹೂಡಿತು. ತಮ್ಮ ಪಕ್ಕದ ಹೊಲದವರ ಎಡಗೋಲನ್ನು ಒಂದು ದಿನ ಕೇಳಿದ. ಆದರೆ ನೆಲ ಹಸಿ ಆದ ದಿನ ಎಲ್ಲರಿಗೂ ತಮ್ಮದು ತಮಗೆ ಬೇಕು. ಹೆಸರು, ಶೇಂಗಾ ಎರಡನ್ನೂ ಬಾಡಿಗೆ ಟ್ರ್ಯಾಕ್ಟರಿನಿಂದ ಬಿತ್ತಿದ. ಬೆಳೆ ಎದ್ದ ಮೇಲೆ ಎಡೆ ಹೊಡೆಯುವ ದಿನ ಬರುತ್ತಿತ್ತು. ಊರಿನ ಮೂರು ಮನೆಯವರು ಈ ವರ್ಷವೂ ಅವನಿಗೇ ಹೇಳಿದ್ದರು. ಬರ್ತೇನ್ರಿ, ಜೋಡಿ ಆಗಲಿ, ಎಂದು ಅವನು ಅವರಿಗೆಲ್ಲ ಹೇಳುತ್ತಿದ್ದ. ನಾನು ಊರಿಗೆ ಹೋದಾಗ ಅವರಲ್ಲೊಬ್ಬರು ಕಟ್ಟೆಯ ಮೇಲೆ ಕೂತು ನನ್ನನ್ನೇ ಕೇಳಿದರು, "ಅಕ್ಕೋರ, ಇನ್ನಾ ಇಳಿಯೂದೈತೇನು ದರಾ?"

ಮಣ್ಣೆತ್ತಿನ ಅಮಾವಾಸ್ಯೆಗೆ ತಮ್ಮನ ಹೆಂಡತಿ ಕೆರೆಯ ಮಣ್ಣು ತಂದು ಎತ್ತು ಮಾಡಿದಳು. ಜೋಡಿ. ದೇವರ ಜಗುಲಿಯಲ್ಲಿಟ್ಟು ಕುಸುಬಿ ಹೂ ಏರಿಸಿದಳು.

"ಇವಕ್ಕ ದರಾ ಕೇಳಬ್ಯಾಡ್ರಿ ವೈನಿ," ಅಂದಳು.

ಇಲ್ಲ. ಕುಸುಬಿ ಆ ಕಾಲಕ್ಕೆ ಹೂ ಬಿಡುವುದಿಲ್ಲ. ಯಾವ ಹೂ ಎಂದು ಗೊತ್ತಿಲ್ಲ. ಮಾತು ಮಾತ್ರ ಅದೇ.

ಆ ವಾರವೇ ಮುಂಡರಗಿಯ ಹಿರಿಯರ ಸುದ್ದಿ ಬಂತು. ಅವರ ಬಲಗೋಲು ಗಂಟು ರೋಗಕ್ಕೆ ಸತ್ತಿತ್ತು. ನಮ್ಮಿಂದ ಹೋದ ಎಡಗೋಲು ಒಂಟಿಯಾಗಿ ಕಟ್ಟಿನಲ್ಲಿತ್ತು. ಅದನ್ನೇ ಮರಳಿ ತರೋಣ ಎಂದು ಇಬ್ಬರೂ ತಮ್ಮನ ಬೈಕಿನ ಮೇಲೆ ಶಿರಹಟ್ಟಿ ದಾಟಿ ಹೊರಟೆವು. ಲಕ್ಷ್ಮೇಶ್ವರದಿಂದಲೇ ನಾನು ಹಿಂದಿನಿಂದ ಹೇಳುತ್ತ ಬಂದೆ: ನೀನು ಮೊದಲು ದರ ಹೇಳಬೇಡ. ಅವರಿಗೂ ಒಂಟಿ ಎತ್ತು ಭಾರ. ಅವರೇ ಹೇಳಲಿ. ಗಾಳಿಗೆ ಕೇಳಿಸಿತೋ ಇಲ್ಲವೋ ಎಂದು ಎರಡು ಸಲ ಹೇಳಿದೆ. ಸಂತೆಯಲ್ಲಿ ಬಾಯಿ ಬಿಟ್ಟು ಕೆಟ್ಟಿದ್ದೆ, ಈ ಸಲ ಮುಚ್ಚಿಕೊಂಡು ಗೆಲ್ಲಬೇಕೆಂದಿದ್ದೆ.

ಎತ್ತು ನಮ್ಮ ತಮ್ಮನನ್ನು ನೋಡಿ ತಲೆ ಎತ್ತಿತು ಎಂದು ಬರೆಯಲು ಕೈ ಹೋಗುತ್ತದೆ. ಅದು ಮೇವು ತಿನ್ನುತ್ತಿತ್ತು, ತಿನ್ನುತ್ತಲೇ ಇತ್ತು. ಅದರ ಪಕ್ಕದಲ್ಲಿ ಎರಡು ಹೋರಿಗರುಗಳು ಒಂದರ ಹಗ್ಗಕ್ಕೆ ಒಂದು ತೊಡರಿಕೊಂಡು ಒದ್ದಾಡುತ್ತಿದ್ದವು. ತಮ್ಮ ಹೋಗಿ ಹಗ್ಗ ಬಿಡಿಸಿ ದೂರ ದೂರ ಕಟ್ಟಿದ. ನಾನು ಅವನ್ನು ಸರಿಯಾಗಿ ನೋಡಲೂ ಇಲ್ಲ.

ಹಿರಿಯರು ಚಾಪೆ ಹಾಸಿದರು. "ಚಲೋ ಹೊತ್ತಿಗೆ ಬಂದ್ರಿ. ನಾನ ಬರಾಂವಿದ್ದೆ. ನಿಮ್ಮ ಬಲಗೋಲು ಕೊಡ್ರಿ, ಇದಕ್ಕ ಜೋಡಿ ಮಾಡ್ಕೊಂತೇನಿ."

"ನಾವು ಕೊಡಾಕ ಬಂದಿಲ್ರಿ, ತಗೊಳ್ಳಾಕ ಬಂದೇವಿ," ಅಂದ ತಮ್ಮ.

"ನಾನೂ ತಗೊಳ್ಳಾಂವನ."

"ಹಂಗಾದ್ರ ಮಾರಾಂವ ಯಾರ್ರಿ?"

"ಅದನ್ನ ವಿಚಾರ ಮಾಡೂಣು. ಚಾ ಕುಡೀರಿ."

ಚಹಾ ಆಯಿತು. ಎಲೆ ಅಡಿಕೆ ಆಯಿತು. ಇಬ್ಬರಲ್ಲಿ ಯಾರು ಮೊದಲು ದರ ಹೇಳಿದರೂ ಅವರೇ ಗರಜಿನವರು, ಅವರಿಗೇ ಅವಸರ ಎಂದಾಗುತ್ತದೆ. ಕೊನೆಗೆ ತಮ್ಮ ಹೆಗಲ ಟವೆಲ್ ತೆಗೆದು ಮುಂಗೈ ಮೇಲೆ ಹೊದಿಸಿ ಚಾಚಿದ. ಹಿರಿಯರೂ ಕೈ ಒಳಗೆ ಇಟ್ಟರು. ದಲ್ಲಾಳಿ ಇಲ್ಲ, ನೋಡುವವರು ಇಲ್ಲ, ಮೂರೇ ಜನ. ತಮ್ಮ ನನ್ನ ಕಡೆ ನೋಡಿದ. ನಾನು ತಲೆ ಅಡ್ಡ ಅಲ್ಲಾಡಿಸಿದೆ, ತುಸುವೇ. ಟವೆಲ್ ಅಲುಗಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಎರಡು ಕೈ ಬಟ್ಟೆಯ ಕೆಳಗೆ ಸುಮ್ಮನೆ ಕೂತಿದ್ದವು. ಆಮೇಲೆ ಹಿರಿಯರು ಕೈ ತೆಗೆದುಕೊಂಡು, "ಮಳಿ ಬರೂ ಹಂಗೈತಿ, ಜಲ್ದಿ ಹೊಂಡ್ರಿ," ಅಂದರು.

ತಮ್ಮ ಶಿರಹಟ್ಟಿಯವರೆಗೆ ಗಾಡಿ ಓಡಿಸಿದ. ಅಲ್ಲಿ ಗಾಡಿ ನಿಲ್ಲಿಸಿ, "ಮುಂದಿನ ಸಲಾ ನೀ ಬರಬ್ಯಾಡ," ಅಂದ.

"ಅವರು ಇನ್ನೊಂದು ವಾರ ತಡದ್ರ—"

"ಅಕ್ಕಾ. ಹುಲ್ಲು ಶೇಂಗಾಕ್ಕಿಂತ ಎತ್ತರ ಆಗೇತಿ."

ನಾನು ಬೆಟಗೇರಿಗೆ ಮರಳಿದೆ. ನಾಲ್ಕೋ ಐದೋ ದಿನಕ್ಕೆ ಅವನ ಹೆಂಡತಿ ಫೋನ್ ಮಾಡಿ, ಅವನು ನಸುಕಿನಲ್ಲಿ ಬಲಗೋಲನ್ನು ಬಾಡಿಗೆ ಗಾಡಿಗೆ ಹತ್ತಿಸಿಕೊಂಡು ಮುಂಡರಗಿ ಕಡೆ ಹೋದ ಎಂದಳು. ನನ್ನನ್ನು ಕೇಳಿರಲಿಲ್ಲ. ಆ ಭಾನುವಾರ ಊರಿಗೆ ಹೋದೆ. ಕೊಟ್ಟಿಗೆಯಲ್ಲಿ ಹಿರಿಯರ ಮನೆಯ ಆ ಎರಡು ಹೋರಿಗರುಗಳು ನಿಂತಿದ್ದವು. ಇನ್ನೂ ಹಾಲು ಹಲ್ಲು. ನೊಗ ಕಂಡಿಲ್ಲ, ಮೂಗುದಾರ ಕಂಡಿಲ್ಲ. ಕೆಲಸಕ್ಕೆ ಬರಲು ಎರಡು ವರ್ಷ.

"ಬಲಗೋಲು?"

"ಅಲ್ಲೇ ಐತಿ. ಜೋಡಿ ಆತು ಅವಕ್ಕ."

"ಎಷ್ಟಕ್ಕ?"

"ಇವು ಎರಡು, ಮ್ಯಾಲ ಒಂದಿಷ್ಟು ಕೊಟ್ಟ್ರು."

"ಒಂದಿಷ್ಟು ಅಂದ್ರ?"

"ಟ್ರ್ಯಾಕ್ಟರಿಗೆ, ಎಡಿಗೆ ಹೋತು."

ಆ ವರ್ಷ ನಮ್ಮ ಹೊಲಕ್ಕೆ ಬೇರೆಯವರ ಎತ್ತು ಬಂದು ಎಡೆ ಹೊಡೆದು ಹೋಯಿತು. ತಮ್ಮ ಬದುವಿನ ಮೇಲೆ ನಿಂತು ನೋಡಿದ. ಅವನಿಗೆ ಹೇಳಿದ್ದ ಮೂರು ಮನೆಯವರೂ ಅದೇ ಎತ್ತಿನವನನ್ನು ಕರೆದರು. ನಾನು ಅವನಿಗೆ ಆ ದರವನ್ನು ಎಷ್ಟು ಸಲ ಕೇಳಿದೆ ಎಂದು ಎಣಿಸಿಲ್ಲ. ಹಬ್ಬಕ್ಕೆ ಕೇಳಿದೆ, ಫೋನಿನಲ್ಲಿ ಕೇಳಿದೆ, ಅವನು ಜ್ವರ ಬಂದು ಮಲಗಿದ್ದಾಗಲೂ ಕೇಳಿದೆ. ಅರ್ಧ ನನ್ನದು ಎಂದೆ.

"ಒಂದು ಕರಾ ನಿಂದು, ಯಾವುದು ಬೇಕು ಹಿಡ್ಕೋ," ಅಂದ.

"ಕರಾ ಅಲ್ಲ, ದರಾ ಹೇಳು."

"ಹೇಳಿದ್ರ ನೀ ಅದಕ್ಕಿಂತ ಚಲೋ ದರಾ ಯಾವಾಗಿತ್ತಂತ ಹೇಳ್ತಿ."

ಹೇಳುತ್ತಿದ್ದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಕರುಗಳು ಬೆಳೆದಿವೆ. ಅವನು ಹಗುರ ನೊಗ ಮಾಡಿಸಿ ಪಳಗಿಸುತ್ತಿದ್ದಾನೆ, ಹಿಂದೆ ಒಂದು ಮರದ ದಿಮ್ಮಿ ಕಟ್ಟಿ ಎಳೆಸುತ್ತಾನೆ. ಯಾವುದು ಎಡಗೋಲಾಗುತ್ತದೆ ಎಂದು ಕೇಳಿದೆ. ಎರಡೂ ಕಡೆ ಹೂಡಿ ನೋಡುತ್ತಿದ್ದೇನೆ, ಅವೇ ಹೇಳುತ್ತವೆ ಅಂದ. ಅಷ್ಟರಲ್ಲಿ ಹಾದಿಯಲ್ಲಿ ಹೊರಟಿದ್ದ ಒಬ್ಬ ಬೈಕ್ ನಿಲ್ಲಿಸಿದ. ಶಿಗ್ಲಿಯವನು, ನಾನು ಕಂಡವನಲ್ಲ. ಕರುಗಳ ಸುತ್ತ ಒಂದು ಸುತ್ತು ಬಂದ.

"ಚಲೋ ಅದಾವಲ್ಲೋ. ಎಲ್ಲಿವು?"

"ಮುಂಡರಗಿ ಕಡೀವು. ಒಂದು ಬಲಗೋಲು ಕೊಟ್ಟು ತಂದೆ."

"ಏನ್ ದರಾ ಬಿತ್ತು?"

ನಾನು ಎರಡು ಹೆಜ್ಜೆ ಮುಂದೆ ಬಂದೆ. ತಮ್ಮ ನನ್ನನ್ನು ನೋಡಲಿಲ್ಲ. ಹೆಗಲ ಟವೆಲ್ ಜಾರಿಸಿ ಮುಂಗೈ ಮೇಲೆ ಹಾಕಿಕೊಂಡು ಕೈ ಚಾಚಿದ. ಆ ಮನುಷ್ಯ ಕೈ ಒಳಗೆ ಇಟ್ಟ. ಬಟ್ಟೆ ಎರಡು ಸಲ ಅಲುಗಿತು. ಬೈಕಿನವನು ಹುಬ್ಬು ಏರಿಸಿ, ಆಮೇಲೆ ತಲೆಯಾಡಿಸಿದ.

"ಆತು ಬಿಡು," ಅಂದ.

ಅದು ಒಳ್ಳೆಯದಾಯಿತು ಎಂದೋ, ಆದದ್ದಾಯಿತು ಎಂದೋ, ಅವನ ಧ್ವನಿಯಿಂದ ತಿಳಿಯಲಿಲ್ಲ. ಬೈಕಿನ ತನಕ ನಾನು ಅವನ ಹಿಂದೆಯೇ ಹೋದೆ.

"ಎಷ್ಟಂತ್ರಿ?"

ಅವನು ಕಿಕ್ ಹೊಡೆದು, ತಿರುಗಿ ತಮ್ಮನ ಕಡೆ ಒಮ್ಮೆ ನೋಡಿ, ನನ್ನ ಕಡೆ ನೋಡಿದ.

"ನೆಳ್ಳಿಗೆ ಕುಂಡ್ರಿ ಅಕ್ಕೋರ," ಅಂದ, "ಬಿಸಲು ಭಾಳೈತಿ."